ಫೇಲಾಗಲೊಲ್ಲದ ನೀರು

ನಲ್ಲಿ ನೀರು ಪರೀಕ್ಷೆ ಮಾಡೋದು ಬಹಳ ಸಪ್ಪೆ ಕೆಲಸ ಅಂತ ಸೇರುವಾಗ ಅಂದುಕೊಂಡಿದ್ದೆ. ಈಗ ಪೆಟ್ಟಿಗೆ ಹಿಡಿದು ಬೀದಿಗೆ ಇಳಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಸಂಜೆ ಮನೆಗೆ ಬಂದು ಹೇಳಿದರೆ ನಮ್ಮೆಜಮಾನರು, "ನೀನು ಹೋಗೋದು ನೀರು ನೋಡೋಕೋ, ನಾಟಕ ನೋಡೋಕೋ?" ಅಂತ ಕೇಳುತ್ತಾರೆ.

ನಮ್ಮದು ತಮಿಳುನಾಡಿನ ತೇನಿಯಿಂದ ಕಂಬಂಗೆ ಹೋಗುವ ದಾರಿಯಲ್ಲಿರುವ ಚಿಕ್ಕ ಊರು. ಸುತ್ತ ದ್ರಾಕ್ಷಿ ತೋಟ, ನಡುವೆ ಹತ್ತಿಪ್ಪತ್ತು ಬೀದಿ. ಅದರಲ್ಲಿ ಕಟ್ಟಕಡೆಯದಕ್ಕೆ ಹೆಸರೇ ಕೊನೆ ಬೀದಿ. ಅಲ್ಲಿರೋರೆಲ್ಲ ನಮ್ಮವರೇ, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಕನ್ನಡದಲ್ಲೂ ಅರ್ಧ ತಮಿಳೇ ಅನ್ನಿ, ಮುದ್ದಿನಿಂದ ಕರೆಯೋಕೂ ತಮಿಳರ ಹಾಗೆ 'ಕಣ್ಣು' ಅಂತೀವಿ, ಮೈಸೂರಿನವರು ಕೇಳಿದರೆ ತಲೆ ತಿರುಗಿ ಬೀಳುತ್ತಾರೆ.

ಆ ಬೀದಿಗೆ ಹೋಗುವ ಪೈಪು ಹಳೇದು. ಚರಂಡಿಯ ಪಕ್ಕದಲ್ಲೇ ಹೋಗುತ್ತದೆ. ಎಲ್ಲೋ ಒಡೆದು ಚರಂಡಿ ನೀರು ಒಳಗೆ ಸೇರುತ್ತಿದೆ ಅಂತ ನನಗೆ ಬಲವಾದ ಅನುಮಾನ. ಮಕ್ಕಳಿಗೆ ಮೇಲಿಂದ ಮೇಲೆ ವಾಂತಿ, ಭೇದಿ. ಬೀದಿಗೆಲ್ಲ ಅವ್ವ ಆಗಿರುವ ಒಬ್ಬ ಮುದುಕಿ ಇದ್ದಾಳೆ. ಅವಳ ನಾಲ್ಕು ವರ್ಷದ ಮೊಮ್ಮಗಳು ಎರಡು ಸಲ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬಂದಿತ್ತು. ಆ ಕೂಸಿನ ಕೈಮೇಲಿನ ಸೂಜಿ ಗಾಯ ನೋಡಿ ಸುಮ್ಮನಿರಲಾಗಲಿಲ್ಲ. ನೀರು ಸರಬರಾಜಿನ ಎಂಜಿನಿಯರ್ ಹತ್ತಿರ ಹೋಗಿ ಜಗಳಕ್ಕೇ ನಿಂತೆ. ಅವರು ಕೆಟ್ಟವರಲ್ಲ. "ಅಮ್ಮಾ, ಅನುಮಾನದ ಮೇಲೆ ರಸ್ತೆ ಅಗೆಯೋಕೆ ನನಗೆ ಅನುಮತಿ ಸಿಗಲ್ಲ. ಲ್ಯಾಬಿನಿಂದ ಫೇಲ್ ಅಂತ ಒಂದೇ ಒಂದು ರಿಪೋರ್ಟ್ ತಂದುಕೊಡಿ, ಹೊಸ ಪೈಪು ಹಾಕಿಸ್ತೀನಿ" ಅಂದರು.

ಒಂದು ಫೇಲ್ ರಿಪೋರ್ಟ್. ಕೆಟ್ಟ ನೀರನ್ನು ಕೆಟ್ಟದ್ದು ಅಂತ ತೋರಿಸೋದು ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ ನಾನು, ಪೆದ್ದಿ.

ಹಳದಿ

ನನ್ನ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಶೀಶೆ ಇರುತ್ತದೆ. ಗಾಜಿನ ನಳಿಕೆಗೆ ನಲ್ಲಿ ನೀರು ಹಿಡಿದು ಅದರಿಂದ ನಾಲ್ಕು ಹನಿ ಬಿಟ್ಟರೆ ನೀರು ಹಳದಿಯಾಗಬೇಕು. ಹಳದಿ ಬಂದರೆ ಟ್ಯಾಂಕಿಗೆ ಹಾಕಿದ ಕ್ಲೋರಿನ್ ಇಲ್ಲಿಯ ತನಕ ಬಂದಿದೆ, ನೀರು ಒಳ್ಳೇದು. ಬಣ್ಣ ಬರದಿದ್ದರೆ ದಾರಿಯಲ್ಲಿ ಕೊಳಕು ಸೇರಿ ಕ್ಲೋರಿನ್ ಎಲ್ಲ ಖರ್ಚಾಗಿರಬಹುದು ಅಂತ ಲೆಕ್ಕ.

ಮೊದಲನೇ ಬೀದಿಯಲ್ಲಿ ಹನಿ ಬಿಟ್ಟೆ. ಒಳ್ಳೇ ಹಳದಿ ಬಂತು. ನನಗೆ ಖುಷಿ. ನಲ್ಲಿಯ ಮನೆಯಾಕೆ ಎದೆ ಮೇಲೆ ಕೈಯಿಟ್ಟುಕೊಂಡು, "ಅಯ್ಯಯ್ಯೋ! ಇದನ್ನೇ ಇಷ್ಟು ದಿನ ಕುಡಿದ್ವಾ?" ಅಂತ ಕಿರುಚಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಆರು ಮನೆಯವರು ಹಿಡಿದಿಟ್ಟ ಕೊಡ ಕೊಡ ನೀರನ್ನೂ ಬೀದಿಗೆ ಸುರಿದಿದ್ದರು.

ಕೊನೆ ಬೀದಿಗೆ ಹೋದೆ. ಹನಿ ಬಿಟ್ಟೆ. ಏನೂ ಬಣ್ಣವಿಲ್ಲ, ನೀರು ಕನ್ನಡಿ ಹಾಗೆ ನಿಂತಿತು. ಅವ್ವನ ಮುಖ ಅರಳಿತು.

"ನೋಡಿದ್ರಾ? ಮೊದಲ ಬೀದಿಯೋರು ಏನು ಮೆರೀತಿದ್ರು! ಅವರದು ಹಳದಿ, ನಮ್ಮದು ತಿಳಿ!"

"ಅವ್ವಾ, ಹಳದಿ ಬಂದ್ರೇನೇ ಒಳ್ಳೇದು. ಬರದಿದ್ರೆ ಕೆಟ್ಟದ್ದು."

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಮಾಲೆನೂ ಹಳದೀನೇ ಬರೋದು, ಕಣ್ಣು" ಅಂದಳು.

ನಲ್ಲಿಗೆ ಆರತಿ

ಬಣ್ಣ ಬರಲಿಲ್ಲ ಅಂತ ಎಂಜಿನಿಯರಿಗೆ ಹೇಳಿದೆ. "ದೂರ ಹೋದಷ್ಟೂ ಕ್ಲೋರಿನ್ ಕಡಿಮೆಯಾಗುತ್ತೆ, ಅದು ಸಾಕ್ಷಿಯಲ್ಲ" ಅಂದರು. ಸರಿ, ಲ್ಯಾಬಿಗೇ ಕಳಿಸೋಣ ಅಂತ ಶುದ್ಧ ಮಾಡಿದ ಬಾಟಲಿ ತಂದೆ. ಅದನ್ನು ತುಂಬಿಸೋಕೆ ಒಂದು ಕ್ರಮವಿದೆ. ನಲ್ಲಿಯ ಬಾಯಿಗೆ ಅಂಟಿದ ಕೊಳೆ ನೀರಿನ ಲೆಕ್ಕಕ್ಕೆ ಸೇರಬಾರದಲ್ಲ, ಅದಕ್ಕೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಹಚ್ಚಿ ಮೊದಲು ನಲ್ಲಿಯ ಬಾಯಿಯನ್ನು ಬೆಂಕಿಯಲ್ಲಿ ಸುಡಬೇಕು.

ಆ ಬೀದಿಗೆ ಎರಡು ದಿನಕ್ಕೊಂದು ಸಲ ಬೆಳಗ್ಗೆ ಅರ್ಧ ಗಂಟೆ ನೀರು ಬರುತ್ತದೆ. ಸರಿಯಾದ ಹೊತ್ತಿಗೆ ಹೋದೆ. ಇಕ್ಕಳದಲ್ಲಿ ಹತ್ತಿ ಹಿಡಿದು ಹಚ್ಚಿ, ಉರಿಯನ್ನು ನಲ್ಲಿಯ ಸುತ್ತ ನಿಧಾನವಾಗಿ ಆಡಿಸಿದೆ. ಹಿಂದೆ ಗದ್ದಲ ನಿಂತುಹೋಯಿತು. ತಿರುಗಿ ನೋಡುತ್ತೇನೆ, ಒಬ್ಬ ತಾತ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡು ಕೈ ಮುಗಿದು ನಿಂತಿದ್ದಾನೆ! ಹೆಂಗಸರು ಸೆರಗು ಹೊದ್ದುಕೊಂಡು ಸಾಲಾಗಿ ಬಂದು ಉರಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು.

"ಅಯ್ಯೋ ತಾತಾ, ಇದು ಪೂಜೆ ಅಲ್ಲ!"

"ಪೂಜೆ ಅಲ್ದೇ ಯಾರಾದ್ರೂ ನಲ್ಲಿಗೆ ಬೆಂಕಿ ಹಿಡೀತಾರಾ? ನಡೀಲಿ, ನಡೀಲಿ."

ಅಷ್ಟರಲ್ಲಿ ಎದುರು ಮನೆಯಾಕೆ ಓಡಿಬಂದು, ಮಸಿ ಹಿಡಿದಿದ್ದ ನಲ್ಲಿಯನ್ನು ಸೆರಗಿನಿಂದ ಚೆನ್ನಾಗಿ ಒರೆಸಿ, ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟಳು. ನಾನು ತಲೆ ಚಚ್ಚಿಕೊಂಡು ಎಲ್ಲ ತೊಳೆದು ಮತ್ತೆ ಸುಟ್ಟೆ. ಆಕೆ ಮತ್ತೆ ಇಟ್ಟಳು. ಮೂರನೇ ಸಲ ಸುಟ್ಟು ಬಾಟಲಿ ಹಿಡಿಯುವ ಹೊತ್ತಿಗೆ ನಲ್ಲಿಯಲ್ಲಿ ನೀರು ನಿಂತುಹೋಗಿತ್ತು. ತಾತ ಮಾತ್ರ ಇನ್ನೂ ಪ್ರಸಾದಕ್ಕೆ ಕಾಯುತ್ತಿದ್ದ.

ಅವ್ವನ ಬಾಟಲಿ

ಆಮೇಲೆ ನಾನೊಂದು ತಪ್ಪು ಮಾಡಿದೆ. ಒಪ್ಪಿಕೊಳ್ಳುತ್ತೇನೆ, ನಿಯಮದ ಪ್ರಕಾರ ಮಾಡಲೇಬಾರದ ತಪ್ಪು. ಆ ಬೀದಿಗೆ ನೀರು ಬರುವ ಹೊತ್ತಿಗೇ ನಾನು ಸ್ಕೂಲಿನ ಟ್ಯಾಂಕ್ ನೋಡಬೇಕಿತ್ತು. ಅದಕ್ಕೆ ಬಾಟಲಿಯನ್ನು ಅವ್ವನ ಕೈಗೆ ಕೊಟ್ಟು, ಹೇಗೆ ಹಿಡಿಯಬೇಕು ಅಂತ ಹೇಳಿ, "ತುಂಬಿಸಿ ಇಟ್ಟಿರು, ಬಂದು ತಗೊಂಡು ಹೋಗ್ತೀನಿ" ಅಂದೆ.

ರಿಪೋರ್ಟ್ ಬಂತು: ನೀರು ಉತ್ತಮ. ಮತ್ತೆ ಅವ್ವನ ಕೈಲೇ ತುಂಬಿಸಿ ಕಳಿಸಿದೆ. ಉತ್ತಮ. ಮೂರನೇ ಸಲ ಕಳಿಸುವ ವಾರ ಆ ಕೂಸು ಮತ್ತೆ ವಾಂತಿ, ಭೇದಿಯಾಗಿ ಮಲಗಿತು. ರಿಪೋರ್ಟ್ ಮಾತ್ರ ಅದೇ, ಉತ್ತಮ. ನನಗೆ ಹುಚ್ಚು ಹಿಡಿಯೋದೊಂದು ಬಾಕಿ. ಬಸ್ ಹತ್ತಿ ತೇನಿಯ ಲ್ಯಾಬಿಗೇ ಹೋದೆ. ಅಲ್ಲಿಯ ಹುಡುಗಿ ನಗು ತಡೆದುಕೊಂಡು, "ಅಕ್ಕಾ, ನಿಮ್ಮೂರಲ್ಲಿ ನಲ್ಲಿಯಲ್ಲಿ ಜೀರಿಗೆ ಬರುತ್ತಾ? ಬಾಟಲಿ ತಳದಲ್ಲಿ ಎರಡು ಕಾಳು ಇತ್ತು" ಅಂದಳು.

ಬಿಸಿಲಲ್ಲಿ ನೇರ ಅವ್ವನ ಮನೆಗೆ ಬಂದೆ.

"ಅವ್ವಾ, ಬಾಟಲಿಗೆ ಯಾವ ನೀರು ಹಾಕಿದೆ?"

"ನಲ್ಲಿದೇ ಕಣ್ಣು. ಜೀರಿಗೆ ಹಾಕಿ ಚೆನ್ನಾಗಿ ಕುದಿಸಿ, ಬಟ್ಟೇಲಿ ಸೋಸಿ, ಆರಿಸಿ ತುಂಬಿದೆ."

"ಯಾಕವ್ವಾ!"

"ಆಪೀಸಿಗೆ ಹೋಗೋ ನೀರಲ್ವಾ? ಯಾರೋ ಓದಿದೋರು ಕುಡಿದು ನೋಡ್ತಾರೆ. ಹಸಿ ನೀರು ಕಳಿಸಿದ್ರೆ ನಮ್ಮ ಮರ್ಯಾದೆ ಏನಾಗಬೇಕು?"

"ಅವರು ಕುಡಿಯಲ್ಲ ಅವ್ವಾ. ಹಂಗೇ ಕುದಿಸಿ ಆ ಕೂಸಿಗೆ ಕೊಡಬಾರದಾ?"

"ದಿನಾ ಯಾರು ಕುದಿಸ್ತಾರೆ? ಅದೇನು ಆಪೀಸರಾ?" ಅಂದಳು ಅವ್ವ.

ಎಂಜಿನಿಯರ್ ಬಂದರು

ನಾಚಿಕೆ ಬಿಟ್ಟು ಎಂಜಿನಿಯರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ನಾನೇ ಬಂದು ನನ್ನ ಕೈಯಾರೆ ಹಿಡೀತೀನಿ. ಅವತ್ತೂ ಸರಿಯಾಗಿ ಸಿಗಲಿಲ್ಲ ಅಂದ್ರೆ ನನ್ನನ್ನು ಬಿಟ್ಟುಬಿಡಿ ತಾಯಿ" ಅಂದರು.

ಅವರು ಬರುವ ದಿನ ಕೊನೆ ಬೀದಿ ಗುರುತೇ ಸಿಗುತ್ತಿರಲಿಲ್ಲ. ಸಗಣಿ ನೀರು ಹಾಕಿ, ಮನೆ ಮನೆ ಮುಂದೆ ರಂಗೋಲಿ ಬಿಟ್ಟಿದ್ದರು. ಚರಂಡಿಯ ಮೇಲೆ ತೆಂಗಿನ ಗರಿ ಮುಚ್ಚಿದ್ದರು. ಅವ್ವ ಮದುವೆಗಳಿಗೆ ಮಾತ್ರ ಉಡುವ ಚಿನ್ನಾಳಪಟ್ಟಿ ಸೀರೆ ಉಟ್ಟು ನಿಂತಿದ್ದಳು. ಎಂಜಿನಿಯರ್ ತಮಿಳರು, ತಮಿಳಿನಲ್ಲೇ ಕೇಳಿದರು, "ನೀರು ಹೇಗಿದೆ?"

"ಅಮೃತ ಸಾರ್!" ಎದುರು ಮನೆಯಾಕೆ ಶುರುಮಾಡಿದಳು. ಇಡೀ ಬೀದಿ ತಲೆಯಾಡಿಸಿತು.

ನಾನು ಮುಖದ ಮೇಲೆ ನಗು ಇಟ್ಟುಕೊಂಡೇ ಕನ್ನಡದಲ್ಲಿ ಹಲ್ಲು ಕಡಿದೆ. "ಅವ್ವಾ, ನಿಜ ಹೇಳು."

ಅವ್ವನೂ ನಗುನಗುತ್ತಲೇ, "ಸುಮ್ನಿರು ಕಣ್ಣು. ಮುಂದಿನ ವಾರ ಎದುರು ಮನೆ ಹುಡುಗನ್ನ ನೋಡೋಕೆ ಹೆಣ್ಣಿನ ಕಡೆಯೋರು ಬತ್ತಾರೆ. ಕೆಟ್ಟ ನೀರಿನ ಬೀದಿ ಅಂತ ಹೆಸರು ಬಿದ್ರೆ ಯಾರು ಹೆಣ್ಣು ಕೊಡ್ತಾರೆ?" ಅಂದಳು.

"ಮೊಮ್ಮಗಳ ಗತಿ ಏನವ್ವಾ?"

ಅವ್ವ ಸೆರಗು ಸರಿಮಾಡಿಕೊಂಡು ನಲ್ಲಿಯ ಕಡೆ ತಿರುಗಿದಳು. ನನಗೂ ಹಾಗೆ ಕೇಳಬಾರದಿತ್ತು ಅನ್ನಿಸಿತು.

ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ಎಂಜಿನಿಯರ್ ಬೆವರು ಒರೆಸಿಕೊಂಡು, "ಅಮೃತ ಅಂತಿದ್ದೀರಿ, ಮೊದಲು ಒಂದು ಗುಟುಕು ಕುಡಿದುಬಿಡ್ತೀನಿ" ಅಂತ ತಮ್ಮ ನೀರಿನ ಬಾಟಲಿ ನಲ್ಲಿಗೆ ಹಿಡಿದರು. ಬೇಕಂತಲೇ ಮಾಡಿದರೋ, ನಿಜವಾಗಿಯೂ ಬಾಯಾರಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಾಟಲಿ ಬಾಯಿಗೆ ಎತ್ತಿದರು.

ಅವ್ವ ಹಾರಿ ಬಂದು ಬಾಟಲಿಗೆ ಬಾರಿಸಿದಳು ನೋಡಿ! ಎಂಜಿನಿಯರ ಅಂಗಿಯೆಲ್ಲ ಒದ್ದೆ. ಗಾಬರಿಯಲ್ಲಿ ಅವ್ವನಿಗೆ ತಮಿಳೆಲ್ಲ ಮರೆತುಹೋಗಿ, "ಬ್ಯಾಡ ಸಾಮಿ, ಕುಡೀಬ್ಯಾಡ! ನಿನ್ನ ನಂಬಿ ಹೆಂಡ್ತಿ ಮಕ್ಕಳವರೆ!" ಅಂತ ಕನ್ನಡದಲ್ಲೇ ಕೂಗಿಕೊಂಡಳು. ನಾನು ಅದನ್ನೇ ಅವರಿಗೆ ತಮಿಳಿನಲ್ಲಿ ಹೇಳಿದೆ.

"ಈಗ ತಾನೇ ಚೆನ್ನಾಗಿದೆ ಅಂದ್ರಲ್ಲಮ್ಮಾ?" ಅಂದರು ಎಂಜಿನಿಯರ್.

ಅವ್ವ ಉಸಿರು ಸುಧಾರಿಸಿಕೊಂಡು ತಮಿಳಿಗೆ ಬಂದಳು. "ನಮಗೆ ಚೆನ್ನಾಗೈತೆ ಸಾರ್. ನಿಮಗೆ ಆಗಲ್ಲ. ನೀವು ಮನೆಗೆ ಬಂದೋರು."

ಅವರು ಒದ್ದೆ ಅಂಗಿ ಹಿಂಡಿಕೊಂಡರು. "ಮತ್ತೆ ಮಕ್ಕಳಿಗೆ ಆಗುತ್ತಾ?" ಅಂತ ಕೇಳಿದರು. ಅಷ್ಟೇ ಸಾಕಾಯಿತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. ಹಿಂದಿನಿಂದ ಒಬ್ಬೊಬ್ಬರೇ ಬಾಯಿ ಬಿಟ್ಟರು: ನೀರು ನಾರುತ್ತೆ, ಹುಳ ಬರುತ್ತೆ, ಅನ್ನ ಹಳಸುತ್ತೆ. ಎಂಜಿನಿಯರ್ ನಲ್ಲಿ ಸುಟ್ಟು ಲ್ಯಾಬಿನ ಬಾಟಲಿ ತುಂಬಿ ಮುಚ್ಚಳ ಬಿಗಿದು ಜೀಪು ಹತ್ತಿದರೂ ದೂರು ಮುಗಿಯಲಿಲ್ಲ. ಎಲ್ಲರಿಗಿಂತ ಉದ್ದಕ್ಕೆ, ಜೀಪಿನ ಹಿಂದೆ ಓಡೋಡಿ ಹೇಳಿದವಳು ಅಮೃತ ಅಂದಿದ್ದ ಎದುರು ಮನೆಯಾಕೆ.

ಎರಡು ಪಾತ್ರೆ

ರಿಪೋರ್ಟ್ ಬಂತು: ಕುಡಿಯಲು ಯೋಗ್ಯವಲ್ಲ. ಕಾಗದ ಹಿಡಿದು ಬೀದಿಗೆ ಓಡಿದೆ. ಅವ್ವ ಎರಡು ಸಲ ಗಟ್ಟಿಯಾಗಿ ಓದಿಸಿದಳು.

"ಫೇಲಾ?"

"ಫೇಲು ಅವ್ವಾ!"

"ಪೂರಾ ಫೇಲಾ?"

"ಪೂರಾ!"

ಬೀದಿಗೆ ಬೀದಿಯೇ ಕುಣಿಯಿತು. ನಮ್ಮೂರಲ್ಲಿ ಹತ್ತನೇ ಕ್ಲಾಸು ಪಾಸಾದವರಿಗೂ ಇಷ್ಟು ಸಂಭ್ರಮ ಮಾಡಿದ್ದನ್ನು ನಾನು ಕಾಣೆ. ಎಂಜಿನಿಯರ್ ಕೊಟ್ಟ ಮಾತು ಉಳಿಸಿಕೊಂಡರು. ಅಗೆದು ನೋಡಿದರೆ ಪೈಪು ಚರಂಡಿಯೊಳಗೇ ಬಾಯಿಬಿಟ್ಟುಕೊಂಡು ಮಲಗಿತ್ತು. ಯಾರೋ ಪುಣ್ಯಾತ್ಮ ಯಾವ ಕಾಲದಲ್ಲೋ ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿದ್ದ. ಹೊಸ ಪೈಪು ಹಾಕಿದರು. ಮಾರನೇ ದಿನ ನೀರು ಬಿಡಬೇಕು ಅನ್ನುವಾಗ ಅವ್ವ ಎಲ್ಲರಿಗೂ ಪಾಯಸ ಮಾಡಿದಳು.

ಎಂಜಿನಿಯರಿಗೆ ಒಂದು ಲೋಟ, ಅಗೆಯೋರಿಗೆ ಒಂದೊಂದು ಲೋಟ, ಮೊಮ್ಮಗಳಿಗೆ ಒಂದು ಪುಟ್ಟ ಲೋಟ. ಎಲ್ಲ ದೊಡ್ಡ ಪಾತ್ರೆಯಿಂದ. ನನ್ನ ಸರದಿ ಬಂದಾಗ ಅವ್ವ ಒಳಗೆ ಹೋಗಿ ಬೇರೆ ಚಿಕ್ಕ ಪಾತ್ರೆಯಿಂದ ಬಗ್ಗಿಸಿಕೊಂಡು ಬಂದಳು. ನನ್ನ ವೃತ್ತಿ ಬುದ್ಧಿ ಎಲ್ಲಿ ಹೋಗುತ್ತೆ? ಕೇಳಿದೆ.

"ಎರಡು ಪಾತ್ರೆ ಯಾಕವ್ವಾ?"

"ದೊಡ್ಡದು ಬಂದೋರಿಗೆ. ಕ್ಯಾನ್ ನೀರು ತರಿಸಿ ಮಾಡಿದ್ದು. ಚಿಕ್ಕದು ಮನೆಯೋರಿಗೆ, ಮೊದಲೇ ಹಿಡಿದಿಟ್ಟಿದ್ದ ಹಳೇ ನಲ್ಲಿ ನೀರಿಂದು."

"ಮತ್ತೆ ಮೊಮ್ಮಗಳಿಗೆ ದೊಡ್ಡ ಪಾತ್ರೇದು ಕೊಟ್ಟೆ?"

ಅವ್ವ ಕೂಸಿನ ತಲೆ ಸವರಿದಳು. "ಅವಳು ಬಂದು ಇನ್ನೂ ನಾಲ್ಕೇ ವರ್ಷ ಆಗಿರೋದು."

"ನನಗೆ?"

"ನೀನೇನು ಬಂದೋಳಾ?" ಅವ್ವ ಗದರಿಸಿ ಲೋಟವನ್ನು ನನ್ನ ಕೈಗೆ ಒತ್ತಿದಳು. "ನೀನು ಮನೆ ಮಗಳು ಕಣ್ಣು. ಕುಡಿ, ಏನೂ ಆಗಲ್ಲ."