ತಣ್ಣಗಿದ್ದಾಗ ಕೈಗೆ ಸಿಗದ ಟೆಂಪೊ

ಡಾಕ್ಟರರ ಬಾಗಿಲಿಗೆ ಬಂದ ಕೂಡಲೇ ಕೆಲವರ ಹೊಟ್ಟೆನೋವು ಮಾಯವಾಗುತ್ತದೆ. ನನ್ನ ಗ್ಯಾರೇಜಿಗೆ ಬರುವ ಗಾಡಿಗಳದ್ದೂ ಅದೇ ಚಾಳಿ. ರಾಮದುರ್ಗದಲ್ಲಿ ಅಂಗಡಿ ತೆರೆದಾಗಿನಿಂದ ಇದು ತಪ್ಪಿಲ್ಲ. ಆದರೆ ಸುರೇಬಾನದ ಒಂದು ಪ್ಯಾಸೆಂಜರ್ ಡೀಸೆಲ್ ಟೆಂಪೊ ಕಾಡಿದಷ್ಟು ಯಾವುದೂ ಕಾಡಲಿಲ್ಲ. ನನಗೆ ಮೊದಲೇ ಕೂತಲ್ಲಿ ಕೂರಲು ಬಾರದು. ಕಾರಣ ತಿಳಿಯದ ಗಾಡಿಯೊಂದು ತಲೆ ಹೊಕ್ಕರೆ ಊಟವೂ ಸೇರುವುದಿಲ್ಲ.

೧. ಇಲ್ಲಿ ಬಂದರೆ ಶಾಣ್ಯಾ

ಟೆಂಪೊ ಡ್ರೈವರನ ಗೋಳು ಇಷ್ಟು. ರಾತ್ರಿ ನಿಂತ ಗಾಡಿ ಮುಂಜಾನೆ ಬೇಗ ಚಾಲೂ ಆಗುವುದಿಲ್ಲ. ಅಷ್ಟರಲ್ಲಿ ಊರಿನ ಸ್ಟ್ಯಾಂಡಿನಲ್ಲಿ ಅವನ ಪಾಳಿ ಬೇರೆಯವನ ಪಾಲಾಗುತ್ತದೆ. ಪಾಳಿ ಹೋದರೆ ಅಂದಿನ ದುಡಿಮೆಯೇ ಹೋದಂತೆ.

ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಚಾಲೂ.

"ಚಲೋನ ಐತೆಲ್ಲೋ ತಮ್ಮಾ?"

"ನಿಮ್ಮ ಮುಂದ ಶಾಣ್ಯಾ ಆಗತೈತ್ರಿ ಮಿಸ್ತ್ರಿಯವರ. ನನ್ನ ಮಗನೂ ಹಿಂಗ ಅದಾನ್ರಿ, ಮಾಸ್ತರ್ರ ಮುಂದ ದೇವರಂಥಾಂವ."

ಸುರೇಬಾನದಿಂದ ಓಡಿ ಬಂದು ಬಿಸಿಯಾದ ಇಂಜಿನ್ ಚಾಲೂ ಆಗದೆ ಇನ್ನೇನು ಮಾಡೀತು? "ತಣ್ಣಗಿದ್ದಾಗ ನೋಡಬೇಕೋ. ನಾಳೆ ಮುಂಜಾನೆ ನಿಮ್ಮೂರಿಗೆ ನಾನ ಬರತೇನಿ," ಎಂದೆ.

೨. ಕರೆಯಲು ಬಂದವನು

ಮರುದಿನ ನಸುಕಿನಲ್ಲಿ ಸ್ಕೂಟರ್ ಹೊರಗೆ ತೆಗೆಯುತ್ತಿದ್ದೆ. ಮನೆ ಮುಂದೆ ಹಾರ್ನ್ ಕೇಳಿತು. ಅದೇ ಟೆಂಪೊ, ಅದೇ ಡ್ರೈವರ್, ಹಣೆಯ ಮೇಲೆ ಇನ್ನೂ ಹಸಿ ವಿಭೂತಿ.

"ಇದನ್ಯಾಕ ತಂದ್ಯೋ?"

"ನಿಮ್ಮನ್ನ ಕರಕೊಂಡು ಹೋಗಾಕ್ರಿ. ದೊಡ್ಡವರು ನೀವು, ಥಂಡ್ಯಾಗ ಸ್ಕೂಟರ್ ಮ್ಯಾಲ ಬರೂದು ಚಂದಲ್ರಿ."

"ಚಾಲೂ ಆಗಲಾರದ್ದನ್ನ ನೋಡಾಕಲ್ಲೇನೋ ನಾ ಬರಾಕ ಹತ್ತಿದ್ದು?"

"ಹೌದ್ರಿ, ಭಾಳ ತ್ರಾಸ ಕೊಡ್ತು. ಚಾಲೂ ಮಾಡೂದರಾಗ ಸಾಕ್ಸಾಕಾತು. ಹತ್ರಿ, ಹೋಗಿ ನೋಡೂಣು!"

೩. ಚಹಾ ಬರುವುದರೊಳಗೆ

ಮಾರನೇ ದಿನ ಯಾರಿಗೂ ಹೇಳದೆ ನಾನೇ ಹೋದೆ. ಟೆಂಪೊ ಮನೆ ಮುಂದೆ ತಣ್ಣಗೆ ನಿಂತಿತ್ತು. ಬಾನೆಟ್ ಮುಟ್ಟಿ ನೋಡಿ ಹಿರಿಹಿರಿ ಹಿಗ್ಗಿದೆ. ಅಷ್ಟರಲ್ಲಿ ಡ್ರೈವರನ ತಾಯಿ ಬಾಗಿಲಿಗೆ ಬಂದರು.

"ಹೊರಗ ನಿಂತು ಹೋಗ್ತೀರೇನ್ರಿ? ಒಳಗ ಬರ್ರಿ, ಚಾ ಕುಡೀರಿ."

ಬೇಡವೆಂದರೆ ಕೇಳಬೇಕಲ್ಲ. ಚಹಾಕ್ಕೆ ಮುಂಚೆ ಅವಲಕ್ಕಿ ಬಂತು. ನನಗೆ ಗಂಟಲಲ್ಲಿ ಇಳಿಯದು, ಬಿಟ್ಟು ಏಳುವ ಹಾಗೂ ಇಲ್ಲ. ಹೊರಗೆ "ಹೂಂ, ದೂಡ್ರೀ!" ಎಂಬ ಕೂಗೆದ್ದಿತು, ಹಿಂದೆಯೇ ಇಂಜಿನ್ ಸದ್ದು. ಓಡಿ ಬಂದರೆ ಓಣಿಯ ಜನ ಟೆಂಪೊ ದೂಡಿ ಚಾಲೂ ಮಾಡಿ ಕೈ ಒರೆಸಿಕೊಳ್ಳುತ್ತಿದ್ದರು.

"ನೀವು ಬಂದೀರಂತ ಇವತ್ತ ಇನ್ನಿಬ್ಬರನ್ನ ಹೆಚ್ಚಿಗಿ ಕರದೇವ್ರಿ," ಎಂದ ಒಬ್ಬ, ಹೆಮ್ಮೆಯಿಂದ.

೪. ರಿಪೇರಿಯಾದ ಮೇಲೆ

ಕೊನೆಗೆ ಟೆಂಪೊವನ್ನೇ ಸಂಜೆ ನನ್ನ ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡೆ, ಕೀಲಿ ಜೇಬಿನಲ್ಲಿಟ್ಟೆ. ಮುಂಜಾನೆ ಗುಟ್ಟು ಸಿಕ್ಕಿತು. ಡೀಸೆಲ್ ಫಿಲ್ಟರಿನ ವಾಷರ್ ಸವೆದು ಗಾಳಿ ಒಳಸೇರುತ್ತಿತ್ತು, ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿತ್ತು. ಹೊಸ ವಾಷರ್ ಹಾಕಿದೆ. ಮರುದಿನ ಡ್ರೈವರನ ಫೋನ್: "ಕೀಲಿ ಮುಟ್ಟಿದ್ರ ಸಾಕ್ರಿ, ಎದ್ದ ಕುಂದರತೈತಿ!" ಅಂತೂ ನನಗೂ ಊಟ ಸೇರಿತು.

ವಾರ ಕಳೆದಿರಲಿಲ್ಲ, ಮುಖ ಇಳಿಬಿಟ್ಟುಕೊಂಡು ಬಂದ.

"ಮಿಸ್ತ್ರಿಯವರ, ಮತ್ತ ಪಾಳಿ ತಪ್ಪಾಕ ಹತ್ತೇತ್ರಿ."

ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. "ಚಾಲೂ ಆಗವಲ್ದೇನೋ?"

"ಚಾಲೂ ಆಗತೈತ್ರಿ. ಓಣಿ ಬಿಟ್ಟು ಹೊಂಟರ ಅಲ್ಲೇನ್ರಿ? ಮೊದಲ ಕೈ ಹಚ್ಚಿ ದೂಡಿದವಗ ಮುಂದಿನ ಸೀಟ ಅಂತ ಓಣ್ಯಾಗ ಠರಾವಾಗಿತ್ರಿ. ಈಗ ದೂಡೂದ ಇಲ್ಲ. ನಮ್ಮ ಮಾವ ಒಂದ ಕಡೆ, ಬೀಗರು ಒಂದ ಕಡೆ, ಬಾಗಿಲಾ ಹಿಡಕೊಂಡು ನಿಂತಬಿಡ್ತಾರ. ಯಾರನ್ನ ಹಿಂದ ಕಳಸ್ಲಿ?"

"ಅದಕ್ಕ ನಾ ಏನ ಮಾಡ್ಲೋ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಆ ವಾಷರ್ ಒಂಚೂರು ಸಡ್ಲ ಮಾಡ್ರಿ. ಭಾಳ ಬ್ಯಾಡ, ಒಬ್ಬರ ದೂಡಿದ್ರ ಚಾಲೂ ಆಗೂವಷ್ಟ. ಮುಂದ ಇರೂದ ಒಂದ ಸೀಟ್ರಿ."