ಅತ್ತೆ ಕಲಿಸಿದ ಅಳು

ನಮ್ಮ ಸೋದರತ್ತೆ ಮದುವೆಗೆ ಕರೆದರೂ ಬರುವುದಿಲ್ಲ, ಸಾವಿಗೆ ಕರೆಯದೆಯೇ ಬರುತ್ತಾಳೆ. ನಾನು ಚಾಡಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಇದು ಅವಳೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. "ಮದ್ವೇಲಿ ನಾನೊಬ್ಳು ಇಲ್ದಿದ್ರೆ ಯಾರ್ಗೂ ಗೊತ್ತಾಗಲ್ಲ. ಸಾವಲ್ಲಿ ಗೊತ್ತಾಗುತ್ತೆ" ಎನ್ನುತ್ತಾಳೆ.

ಅದು ನಿಜವೂ ಹೌದು. ರಾಜಘಟ್ಟದ ಸುತ್ತಮುತ್ತಲ ಹಳ್ಳಿಗಳಲ್ಲಿ ಹೋದವರ ಗುಣಗಳನ್ನು ಒಂದೊಂದಾಗಿ ಹೇಳಿಕೊಂಡು, ರಾಗವಾಗಿ ಅಳುವವರಲ್ಲಿ ಈಗ ಉಳಿದಿರುವವಳು ಇವಳೊಬ್ಬಳೇ. "ಈಗಿನೋರ್ಗೆ ಅಳು ಬರುತ್ತೆ, ಅಳೋಕೆ ಬರಲ್ಲ" ಎನ್ನುವುದು ಅವಳ ದೂರು. ಹೆರಿಗೆಯ ದಿನ ಹತ್ತಿರವಾದವರು ಆಸ್ಪತ್ರೆಗೆಂದು ಬ್ಯಾಗು ಸಿದ್ಧ ಮಾಡಿಟ್ಟಿರುತ್ತಾರಲ್ಲ, ಹಾಗೆ ಅವಳ ಮನೆಯ ಬಾಗಿಲ ಹಿಂದೆ ಸದಾ ಒಂದು ಬ್ಯಾಗು ನೇತಾಡುತ್ತಿರುತ್ತದೆ. ಅದರಲ್ಲಿ ಹೆಣ ಎತ್ತಿದ ಮೇಲೆ ಸ್ನಾನಕ್ಕೆ ಒಂದು ಸೋಪು, ಉಟ್ಟುಕೊಳ್ಳಲು ಒಂದು ಸೀರೆ. ಓದಲು ಬಾರದ ಅವಳು ಬೆಳಿಗ್ಗೆ ಎದ್ದ ಕೂಡಲೇ ಪಕ್ಕದ ಮನೆಯವರಿಗೆ ತನ್ನ ಮೊಬೈಲು ಕೊಟ್ಟು, "ಸ್ಟೇಟಸ್ಸಲ್ಲಿ ಯಾರ್ದಾದ್ರೂ ಫೋಟೋಗೆ ದೀಪ ಹಚ್ಚವ್ರಾ ನೋಡು" ಎನ್ನುತ್ತಾಳೆ.

ಒಮ್ಮೆ ನೆಲಮಂಗಲದ ಕಡೆ ಯಾವುದೋ ಸಾವಿಗೆ ಹೋದವಳು ಬೀದಿ ತಪ್ಪಿ ಬೇರೆ ಮನೆಯ ಹೆಣದ ಮುಂದೆ ಅರ್ಧ ಗಂಟೆ ಅತ್ತಳು. ಸತ್ತವರ ಮಗನೇ ಬಂದು, "ಅಜ್ಜಿ, ನೀವು ಯಾರ ಕಡೆಯವ್ರು?" ಎಂದು ಕೇಳಿದಾಗಲೇ ವಿಷಯ ಬಯಲಾದದ್ದು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅತ್ತೆ ಕಣ್ಣೊರೆಸಿಕೊಂಡು, "ಅಳು ಅರ್ಧಕ್ಕೆ ನಿಲ್ಸೋಕಾಗುತ್ತೇನಪ್ಪ? ನಿಮ್ಮವ್ವನೂ ಮನುಷ್ಯಳೇ ತಾನೆ" ಎಂದು ಹೇಳಿ, ಉಳಿದದ್ದನ್ನು ಅತ್ತು ಮುಗಿಸಿಯೇ ಎದ್ದಳು. ಆ ಮನೆಯವರು ತಿಥಿಯೂಟಕ್ಕೆ ಅವಳನ್ನು ಕಾರು ಕಳಿಸಿ ಕರೆಸಿಕೊಂಡರು.

ನಮ್ಮಪ್ಪ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗಲೂ ನೋಡಲು ಬಂದಿದ್ದಳು. ಹಾಸಿಗೆ ಪಕ್ಕ ಕೂತು ಬಾಯೊಳಗೇ ಏನೋ ಗುನುಗುತ್ತಿದ್ದಳು. ಅಪ್ಪ, "ಅಕ್ಕಾ, ನಾನಿನ್ನೂ ಇದೀನಿ" ಎಂದ.

"ಗೊತ್ತು ಕಣೋ. ಆ ಹೊತ್ಗೆ ಮರ್ತೋಗ್ಬಾರ್ದಲ್ಲ" ಎಂದಳು ಅತ್ತೆ.

ಇಂಥ ಅತ್ತೆಗೆ ತಪ್ಪಿದ ಸಾವು ಒಂದೇ. ಅದು ನಮ್ಮ ಮನೆಯದು.

ನನ್ನ ತಂಗಿ ಸುಮಳ ಗಂಡ ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಿದ್ದ. ಮೂವತ್ತೆಂಟು ವರ್ಷ, ಬೀಡಿ ಇಲ್ಲ, ಕುಡಿತ ಇಲ್ಲ. ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ಕಿತ್ತುಹೋದ ಎಳೆಗೆ ಗಂಟು ಹಾಕುತ್ತಾ ನಿಂತವನು ಹಾಗೇ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ಅತ್ತೆ ಚಿಕೂನ್‌ಗುನ್ಯಾ ಬಂದು ಎದ್ದು ನಿಲ್ಲಲಾರದೆ ಮಲಗಿದ್ದಳು.

ಸುಮಳ ಮಗಳು ಜಾನುಗೆ ಎಂಟು ವರ್ಷ. ಮಣ್ಣು ಮಾಡುವ ದಿನ ಅವಳನ್ನು ಪಕ್ಕದ ಬೀದಿಯ ಪರಿಚಯದವರ ಮನೆಗೆ ಕಳಿಸಿಬಿಟ್ಟೆವು. ಮಗು ನೋಡಬಾರದು ಎಂದು ಹಿರಿಯರೆಲ್ಲ ಹೇಳಿದರು, ನಾನೂ ಹೂಂ ಅಂದೆ. ಆಮೇಲೆ ತಾಯಿ ಮಗಳಿಬ್ಬರನ್ನೂ ನಮ್ಮ ಮನೆಗೇ ಕರೆತಂದೆ. ಸುಮ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಜಾನು ಅಳಲಿಲ್ಲ. ಅಪ್ಪನ ಸುದ್ದಿ ಎತ್ತಲಿಲ್ಲ. ಹಾಕಿದ್ದನ್ನು ಉಂಡು, ಹೇಳುವ ಮೊದಲೇ ಹೋಂವರ್ಕ್ ಮುಗಿಸಿ, ಗೋಡೆಗೆ ಒರಗಿ ಕೂರುತ್ತಿದ್ದಳು. ಮಕ್ಕಳು ಹಟ ಮಾಡಿದರೆ ಬೈಯಬಹುದು. ಹಟವನ್ನೇ ಮರೆತ ಮಗುವಿಗೆ ಏನು ಹೇಳುವುದು? ನಾವೂ ಸುಮ್ಮನಾದೆವು. ಅವಳಪ್ಪನ ಫೋಟೋ ಕೂಡ ಬೀರುವಿನಲ್ಲಿಟ್ಟೆವು. ಸುಮಳೂ ಅವನ ಹೆಸರೆತ್ತುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ, ಕೀಲುನೋವು ಸ್ವಲ್ಪ ಇಳಿದಾಗ, ಅತ್ತೆ ನಮ್ಮ ಮನೆಗೆ ಬಂದಳು. ನಾನು ಗೇಟಿನಲ್ಲೇ ತಡೆದು, "ಮಗು ಮುಂದೆ ಆ ಮಾತು ಎತ್ಬೇಡ ಅತ್ತೆ, ನಿನ್ ಕಾಲಿಗೆ ಬೀಳ್ತೀನಿ" ಎಂದೆ. "ಸರಿ ಬಿಡು, ಬಾಯಿಗೆ ಬೀಗ ಹಾಕ್ಕೋತೀನಿ" ಎಂದು ಮುಖ ಊದಿಸಿಕೊಂಡೇ ಒಳಗೆ ಬಂದಳು.

ಅವಳು ಬಂದ ಮಾರನೆಯ ದಿನ ಹಿಡಿದ ಮಳೆ ಮೂರು ದಿನವಾದರೂ ಬಿಡಲಿಲ್ಲ. ಸ್ಕೂಲಿಗೆ ರಜ ಕೊಟ್ಟರು. ಬೀದಿಯಲ್ಲಿ ಮೊಳಕಾಲುದ್ದ ನೀರು. ಮೂರನೆಯ ದಿನ ಕರೆಂಟೂ ಹೋಯಿತು, ಟಿವಿ ನಿಂತಿತು, ಮೊಬೈಲುಗಳು ಸತ್ತವು. ನಾನು ಸೀರೆಗೆ ಕುಚ್ಚು ಕಟ್ಟುವವಳು; ಒಪ್ಪಿಕೊಂಡ ಆರು ಸೀರೆ ಸಂಜೆಯೊಳಗೆ ಮುಗಿಸಬೇಕಿತ್ತು. ನಡುಮನೆಯ ಕಿಟಕಿಯ ಪಕ್ಕ ಬೆಳಕಿಗೆ ಕೂತಿದ್ದೆ. ನನ್ನ ಮಕ್ಕಳು ಹರ್ಷ, ತೇಜು ಇಬ್ಬರೂ ಲೂಡೋ ಆಡಿ ಜಗಳವಾಡಿ, ಚೌಕಾಬಾರ ಆಡಿ ಜಗಳವಾಡಿ, ಆಟವೇ ಇಲ್ಲದೆಯೂ ಜಗಳವಾಡಲು ಶುರು ಮಾಡಿದ್ದರು.

"ಅತ್ತೆ, ಇವ್ರನ್ನ ಸ್ವಲ್ಪ ನೋಡ್ಕೋ. ಒಂದು ಕತೆನಾದ್ರೂ ಹೇಳು" ಎಂದು ಬೇಡಿಕೊಂಡೆ.

ಅತ್ತೆ ಮೂವರನ್ನೂ ಒಳಕೋಣೆಗೆ ಕರೆದುಕೊಂಡು ಹೋದಳು. ಕತೆ ಕೇಳಿಸುತ್ತಿತ್ತು. "ಒಂದೂರಲ್ಲಿ ಒಬ್ಬ ರಾಜ ಇದ್ದ. ಸತ್ತೋದ."

"ಆಮೇಲೆ?" ಎಂದ ಆರು ವರ್ಷದ ತೇಜು.

"ಆಮೇಲೇನು? ಮಣ್ ಮಾಡಿದ್ರು."

ಕತೆ ಅಲ್ಲಿಗೆ ಮುಗಿಯಿತು. ಆಮೇಲೆ ಯಾರೋ ಊಳಿಟ್ಟಂತಾಯಿತು, ಜೊತೆಗೆ ಹರ್ಷನ ನಗು. ಕಿವಿಗೊಟ್ಟಾಗ ಆಟ ಅರ್ಥವಾಯಿತು. ಹರ್ಷ ಚಾಪೆಯ ಮೇಲೆ ಸತ್ತು ಮಲಗಿದ್ದ, ತೇಜು ಅಳಬೇಕಿತ್ತು. ಅತ್ತೆ ಪಾಠ ಹೇಳುತ್ತಿದ್ದಳು.

"ಬರೀ ಹೋ ಅಂದ್ರೆ ಅದು ನರಿ ಕೂಗು ಕಣೋ. ಹೋದೋರು ಏನ್ಮಾಡ್ತಿದ್ರು, ಹೆಂಗಿದ್ರು, ಅದ್ನ ಹೇಳ್ಕೊಂಡು ಅಳ್ಬೇಕು. ಹೂಂ, ಹೇಳು."

ತೇಜು ರಾಗ ಎಳೆದ. "ನನ್ ಪೆನ್ಸಿಲ್ ಬಾಕ್ಸ್ ಮುರ್ದೋನೇ... ನನ್ ಪಾಲಿನ್ ಆಮ್ಲೆಟ್ ತಿಂದೋನೇ..."

ಹೆಣ ಎದ್ದು ಕೂತಿತು. "ಪೆನ್ಸಿಲ್ ಬಾಕ್ಸ್ ಮುರ್ದಿದ್ದು ನಾನಲ್ಲ."

"ಹೆಣ ಮಾತಾಡಂಗಿಲ್ಲ. ಮಲಿಕ್ಕೋ" ಎಂದು ಅತ್ತೆ ಗದರಿದಳು.

ನನಗೆ ನಗು ಬಂತು, ಆ ಹಿಂದೆಯೇ ನೆನಪಾಯಿತು. ಅದೇ ಕೋಣೆಯಲ್ಲಿ ಜಾನುವೂ ಇದ್ದಾಳೆ. ಸೂಜಿ ಹಿಡಿದುಕೊಂಡೇ ಓಡಿದೆ. ಜಾನು ಎಂದಿನಂತೆ ಗೋಡೆಗೆ ಒರಗಿ, ಮಂಡಿಯ ಮೇಲೆ ಗಲ್ಲವಿಟ್ಟು ಆ ಚಾಪೆಯನ್ನೇ ನೋಡುತ್ತಿದ್ದಳು.

"ಅತ್ತೆ, ಸಾಕು ನಿಲ್ಸು. ಏನ್ ಆಟ ಇದು?" ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು.

ಅತ್ತೆ ಬಾಯಿ ತೆರೆಯುವ ಮೊದಲೇ ಜಾನು ಹೇಳಿದಳು. "ಅಜ್ಜಿ, ನಮ್ಮಪ್ಪಂಗೂ ಅಳಿ."

ಹೊರಗೆ ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು. ಅತ್ತೆ ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡೆ. ಅತ್ತೆ ಜಾನು ಕಡೆ ತಿರುಗಿ ಮೆಲ್ಲಗೆ, "ನಂಗೆ ನಿಮ್ಮಪ್ಪನ್ನ ಅಷ್ಟು ನೋಡಿ ಗೊತ್ತಿಲ್ಲ ಕಣವ್ವ. ತಪ್ಪಿದ್ರೆ ನೀನೇ ತಿದ್ದಬೇಕು" ಎಂದಳು. ಸೆರಗನ್ನು ಬಾಯಿಗೆ ತಂದು ಶುರು ಮಾಡಿದಳು.

"ಬೆಳಿಗ್ಗೆದ್ದು ಟೀ ಕುಡ್ದು ಮಗ್ಗಕ್ಕೋಗ್ತಿದ್ದ ನನ್ನಳಿಯಾ..."

"ಅಪ್ಪ ಟೀ ಕುಡಿಯಲ್ಲ, ಹಾಲು" ಎಂದಳು ಜಾನು.

"ಹಾಲು ಕುಡ್ದು ಹೋಗ್ತಿದ್ದ ನನ್ನಳಿಯಾ... ಕೆಂಪು ನೂಲು ತಲೇಲಿ ಅಂಟಿಸ್ಕೊಂಡು ಮನೇಗ್ ಬರ್ತಿದ್ದೋನೇ..."

"ಯಾವಾಗ್ಲೂ ಕೆಂಪಲ್ಲ. ಯಾವ ಸೀರೆ ನೇಯ್ತಿರ್ತಾರೋ ಆ ಬಣ್ಣ. ನಾನು ಆರಿಸ್ತಿದ್ದೆ."

"ಯಾವ ಸೀರೆ ನೇಯ್ದ್ರೆ ಆ ಬಣ್ಣ ಹೊತ್ತು ಬರ್ತಿದ್ದೋನೇ... ನಿನ್ ಮಗಳು ಆರಿಸ್ತಿದ್ಲಲ್ಲೋ..."

ಅಷ್ಟು ದಿನಗಳಲ್ಲಿ ಜಾನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಬಾಗಿಲಲ್ಲೇ ಕುಕ್ಕರಿಸಿದೆ. ಹರ್ಷ ಏಳಬೇಕೋ ಬೇಡವೋ ತಿಳಿಯದೆ, ಕಣ್ಣು ಬಿಟ್ಟುಕೊಂಡು ಚಾಪೆಯ ಮೇಲೆ ಮಲಗೇ ಇದ್ದ.

"ಮಗಳಿಗೆ ಜಡೆ ಹಾಕ್ತಿದ್ದ ನನ್ನಪ್ಪಾ..." ಎಂದು ಅತ್ತೆ ಎಳೆದಳು; ಎಂದೋ ಸುಮಳ ಬಾಯಲ್ಲಿ ಕೇಳಿದ್ದಿರಬೇಕು. ಜಾನು ತಿದ್ದಲಿಲ್ಲ. ತನ್ನ ಜಡೆಯ ತುದಿ ಹಿಡಿದುಕೊಂಡಳು. ಅತ್ತೆ ಕಾದಳು. ಆಮೇಲೆ ಜಾನು, "ಅವತ್ತು ಜಡೆ ಬಿಗಿಯಾಗಿತ್ತು" ಎಂದಳು. "ತುಂಬ ನೋಯ್ತಿತ್ತು. ನೀನು ಬೇಡ, ಹೋಗು ಅಂದ್ಬಿಟ್ಟೆ. ಅಪ್ಪ ಹೋದ್ರು. ಹೋಗಿ ಸತ್ತೋದ್ರು."

ಎರಡು ತಿಂಗಳು ಈ ಮಗು ಇದನ್ನು ತಾನೊಂದೇ ಹೊತ್ತುಕೊಂಡು ನಮ್ಮ ಕಣ್ಣೆದುರೇ ಕೂತಿತ್ತು. ನಾನು, "ಹಂಗಲ್ಲ ಚಿನ್ನ" ಎನ್ನಲು ಹೊರಟೆ. ಅತ್ತೆ ಕೈಯೆತ್ತಿ ನನ್ನನ್ನು ತಡೆದಳು. ಅವಳು ಮಗುವಿಗೆ ಸಮಾಧಾನ ಹೇಳಲಿಲ್ಲ. ಖಾಲಿ ಗೋಡೆಯ ಕಡೆ ತಿರುಗಿ, ಅವನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ ಎಂಬಂತೆ, ರಾಗ ತಗ್ಗಿಸಿ ಅತ್ತಳು.

"ಹೋಗು ಅಂದ್ರೆ ಮಗ್ಗಕ್ಕೋಗು ಅಂತ ಕಣೋ ನನ್ನಳಿಯಾ... ಸಂಜೆ ಬಾ ಅಂತ ಕಣೋ... ಜಡೆ ನೋವಿಗೆ ಅಂದ ಮಾತು ಕಣೋ... ಮಗಳ ಮಾತು ನಿಂಗೆ ಗೊತ್ತಾಗಲ್ವೇನೋ, ಗೊತ್ತಾಗಿರುತ್ತೆ ಕಣೋ ನನ್ನಪ್ಪಾ..."

ಜಾನು ಅತ್ತೆಯ ಮಡಿಲಿಗೆ ಬಿದ್ದು ಅತ್ತಳು. ಆ ಅಳುವಿಗೆ ರಾಗವಿರಲಿಲ್ಲ, ಮಾತೂ ಇರಲಿಲ್ಲ. ತೇಜು ಹೆದರಿ ನನ್ನ ಬಳಿ ಬಂದ. ಅತ್ತೆ ಅಳು ನಿಲ್ಲಿಸಿ, ಬರಿದೇ ಬೆನ್ನು ಸವರುತ್ತಾ ಕೂತಳು.

ನನ್ನ ಹಿಂದೆ ನೀರು ತೊಟ್ಟಿಕ್ಕುವ ಸದ್ದಾಗಿ ತಿರುಗಿ ನೋಡಿದೆ. ಸುಮ ನಿಂತಿದ್ದಳು. ಮಳೆಯೆಂದು ಗಾರ್ಮೆಂಟ್ಸ್‌ನವರು ಮಧ್ಯಾಹ್ನಕ್ಕೇ ಬಿಟ್ಟಿದ್ದರಂತೆ. ಬಸ್ಸಿಲ್ಲದೆ ನೆನೆದುಕೊಂಡೇ ನಡೆದು ಬಂದಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಒದ್ದೆ ಸೀರೆಯಲ್ಲೇ ನನ್ನನ್ನು ದಾಟಿ ಹೋಗಿ ಮಗಳ ಪಕ್ಕ ಕೂತಳು.

"ಅಪ್ಪಂಗೆ ಗೊತ್ತಿತ್ತು ಕಂದ" ಎಂದಳು. "ಅವತ್ತು ಚಪ್ಪಲಿ ಮೆಟ್ಕೊಳ್ತಾ ನಗ್ತಿದ್ರು. ಇವತ್ತು ಮಗಳು ನನ್ನ ಕೆಲ್ಸದಿಂದ ತೆಗ್ದಾಕಿದ್ಲು, ನಾಳೆ ಜಡೆ ಸಡಿಲ ಹಾಕಿ ರಾಜಿ ಮಾಡ್ಕೋತೀನಿ ಅಂದ್ರು."

ಜಾನು ತಲೆಯೆತ್ತಿ ಅಮ್ಮನನ್ನು ನೋಡಿದಳು. ಅತ್ತೆ ಮಗುವನ್ನು ಮೆಲ್ಲಗೆ ತಾಯಿಯ ಮಡಿಲಿಗೆ ದಾಟಿಸಿ, ಮಂಡಿ ಹಿಡಿದುಕೊಂಡು ಎದ್ದು ಬಂದಳು. "ಅತ್ತೋರ್ಗೆ ಹಸಿವಾಗುತ್ತೆ. ಅನ್ನಕ್ಕಿಡು ನಡಿ" ಎಂದು ನನ್ನ ಭುಜ ತಟ್ಟಿದಳು.

ಅಕ್ಕಿ ತೊಳೆಯುತ್ತಿದ್ದಾಗ ಒಳಗಿನಿಂದ ಜಾನುವಿನ ದನಿ ಕೇಳಿಸಿತು. "ಇನ್ನೇನಂದ್ರು?"

ಸುಮ ಹೇಳತೊಡಗಿದಳು.