ಕೈ ಅಳೆಯುವ ಯಂತ್ರವೂ ನನ್ನ ಸ್ಕೂಟರಿನ ಚಾವಿಯೂ

ನಾನಿದ್ದಲ್ಲಿ ಏನಾದರೊಂದು ನಡೆಯದೆ ಇರುವುದಿಲ್ಲ. ಈ ಸಲ ಅದು ಕೈ ಅಳೆಯುವ ಯಂತ್ರದ ಮುಂದೆ ನಡೆಯಿತು. ಹುಟ್ಟಿದ್ದು ವಿಜಯಪುರದಲ್ಲಾದರೂ ಮುದುಕಿಯಾದದ್ದು ಪುಣೆಯಲ್ಲಿ. ಈ ಊರು ನನಗೆ ಮರಾಠಿ ಮಾತಾಡುವುದನ್ನೂ ಸ್ಕೂಟರ್ ಓಡಿಸುವುದನ್ನೂ ಕಲಿಸಿತು. ಎರಡರಲ್ಲೂ ಯಾರಿಗೂ ದಾರಿ ಬಿಡುವವಳಲ್ಲ ನಾನು.

ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಸೊಸೆ ಸ್ಕೂಟರಿನ ಚಾವಿ ಕಸಿದುಕೊಂಡಳು.

"ನಾ ಬಿದ್ದದ್ದು ಬಚ್ಚಲದಾಗ. ಪಾಪ, ಸ್ಕೂಟರ್ ಏನ್ ಮಾಡ್ಯದ?"

"ಅತ್ತಿ, ಕೈಯಾಗ ಬ್ರೇಕ್ ಹಿಡಿಯೋ ಶಕ್ತಿ ಬರ್ಲಿ, ಕೊಡ್ತೀನ್ರಿ."

ಪ್ಲಾಸ್ಟರ್ ಬಿಚ್ಚಿದ ಮೇಲೆ ಸೊಸೆ ನನ್ನನ್ನು ಅದೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಪುಣೆ ಪಕ್ಕದ ನಿಗಡಿಯ ಫಿಜಿಯೋಥೆರಪಿ ಕೇಂದ್ರಕ್ಕೆ ಕರೆದೊಯ್ಯತೊಡಗಿದಳು.

೧. ತುಟ್ಟಿ ಸಾಮಾನು

ಅಲ್ಲಿನ ಮರಾಠಿ ಹುಡುಗಿ ನನ್ನ ಕೈಗೊಂದು ಹಿಡಿಕೆ ಕೊಟ್ಟಳು. ಹಿಂಡಿದರೆ ಕೈಯ ಬಲವೆಷ್ಟೆಂದು ಪರದೆಯ ಮೇಲೆ ಅಂಕಿ ಮೂಡುತ್ತದೆ. "ಆಜಿ, ಜೋರಾತ್ ದಾಬಾ" ಎಂದಳು, ಅಜ್ಜಿ ಜೋರಾಗಿ ಒತ್ತಿ ಅಂತ. ನಾನು ಮೆಲ್ಲಗೆ ಒತ್ತಿದೆ. ಅಂಕಿ ಅಲುಗಿದ್ದೇ ಕಷ್ಟ.

"ತುಂಬಾ ನೋವಾ, ಆಜಿ?"

"ನೋವಲ್ಲ ಮಗಳೇ, ಇಷ್ಟು ತುಟ್ಟಿ ಸಾಮಾನು ನಾನು ಒತ್ತಿ ಮುರಿದುಬಿಟ್ಟರೆ?" ಎಂದು ಮರಾಠಿಯಲ್ಲೇ ಕೇಳಿದೆ.

ಅವಳು ಅಂಕಿ ನೋಡಿದಳು, ನನ್ನನ್ನೂ ನೋಡಿದಳು. "ಇವತ್ತಂತೂ ಆ ಭಯ ಬೇಡ, ಆಜಿ."

೨. ಬಾಗಿದವರು ಯಾರು?

ಇನ್ನೊಮ್ಮೆ, ಮಣಿಕಟ್ಟು ಎಷ್ಟು ಬಾಗುತ್ತದೆಂದು ಅಳೆಯುವ ಪುಟ್ಟ ಡಬ್ಬಿಯನ್ನು ಅಂಗೈ ಹಿಂಭಾಗಕ್ಕೆ ಕಟ್ಟಿದಳು. ಅಂಕಿ ಏರಿಸಲೇಬೇಕೆಂದು ಮೊಣಕೈ ಎತ್ತಿದೆ, ಭುಜ ವಾಲಿಸಿದೆ, ಕುರ್ಚಿಯಿಂದ ಅರ್ಧ ಎದ್ದೆ. ಅಂಕಿ ಸರಸರ ಏರಿತು!

"ಆಜಿ, ಬಾಗಬೇಕಾದ್ದು ಮಣಿಕಟ್ಟು, ನೀವಲ್ಲ."

೩. ಎಡಗೈ ಉಪಾಯ

ಬಲಗೈಯನ್ನು ನನ್ನ ಎಡಗೈಗೇ ಹೋಲಿಸುತ್ತಾರೆಂದು ಆಮೇಲೆ ತಿಳಿಯಿತು. ಬಲದ ಅಂಕಿ ಎಡದ ಹತ್ತಿರ ಬಂದರೆ ಚಾವಿ ನನ್ನದು. ಬಲವನ್ನು ಏರಿಸುವುದು ಕಷ್ಟ, ಎಡವನ್ನು ಇಳಿಸುವುದಕ್ಕೇನು? ಮುಂದಿನ ಸಲ ಎಡಗೈಯಲ್ಲಿ ಹಿಡಿಕೆಯನ್ನು ಹೂವಿನಂತೆ ಹಿಡಿದೆ. ಎರಡೂ ಅಂಕಿ ಅಕ್ಕತಂಗಿಯರಂತೆ ಬಂದವು. ಗೆದ್ದೆನೆಂದು ಸೊಸೆಯತ್ತ ಕೈ ಚಾಚಿದೆ.

"ಅಯ್ಯೋ, ಎಡಗೈಗೇನಾಯಿತು?" ಎಂದು ಹುಡುಗಿ ಗಾಬರಿಯಾದಳು. ಚಾವಿಗೆಂದು ಚಾಚಿದ ಎಡಗೈಯಲ್ಲಿ ವ್ಯಾಯಾಮದ ರಬ್ಬರ್ ಚೆಂಡು ಬಂದು ಕುಳಿತಿತು. ಬಲಗೈಗೆ ಮೊದಲೇ ಒಂದು ಕೊಟ್ಟಿದ್ದಳು.

"ಭಾಳ ಚಲೋ ಆತು ಅತ್ತಿ," ಎಂದಳು ಸೊಸೆ, "ಎರಡೂ ಕೈಗೆ ಕೆಲಸ ಸಿಕ್ತು."

೪. ಕೊನೆಯ ಅಳತೆ

ಆಮೇಲೆ ಹಟ ಹಿಡಿದೆ. ಟಿವಿ ನೋಡುವಾಗಲೂ ಚೆಂಡು, ಫೋನಿನಲ್ಲಿ ಮಾತಾಡುವಾಗಲೂ ಚೆಂಡು. ಮೊನ್ನೆ ಒಂದೊಂದೇ ಕೈಯಿಂದ ಹಿಡಿಕೆಯನ್ನು ನಿಜವಾಗಿಯೇ ಹಿಂಡಿದೆ. ಬಲಗೈಯ ಅಂಕಿ ಎಡಗೈಯದಕ್ಕೆ ಸರಿಸಮ ಬಂದುಬಿಟ್ಟಿತು. "ಆಜಿ, ಇನ್ನು ಗಾಡಿ ಓಡಿಸಿ," ಎಂದಳು ಹುಡುಗಿ.

ಸೊಸೆಗೆ ಸಂಶಯ. "ಮಷೀನ್ ಕೆಟ್ಟದೇನ್ರಿ? ಇಲ್ಲಿ ಕೊಡ್ರಿ, ನಾ ನೋಡ್ತೀನಿ." ಹಿಂಡಿದಳು. ಅಂಕಿ ನನ್ನದಕ್ಕಿಂತ ಕಡಿಮೆ. ತುಟಿ ಕಚ್ಚಿ ಮತ್ತೆ ಹಿಂಡಿದಳು. ಇನ್ನೂ ಕಡಿಮೆ. ಹುಡುಗಿ ಪಾಪ, ಸ್ವಚ್ಛವಾಗಿದ್ದ ಪರದೆಯನ್ನೇ ಒರೆಸುತ್ತ ನಿಂತಳು.

ಸೊಸೆ ಪರ್ಸಿನಿಂದ ಚಾವಿ ತೆಗೆದು ಕೊಟ್ಟಳು. ಹೊರಗೆ ಬಂದು ಸ್ಕೂಟರ್ ಚಾಲೂ ಮಾಡಿದೆ.

"ಹಿಂದ ಕೂಡವಾ," ಎಂದೆ. "ಗಟ್ಟಿ ಹಿಡ್ಕೋ ಅನ್ನಾಕಿದ್ದೆ. ಆದ್ರ ನಿನ್ನ ಅಂಕಿ ನೋಡೀನಲ್ಲ, ಸಾವಕಾಶನ ಹೊಡೀತೀನಿ."